ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಯೇಸು ಯಾಕೆ ಕಣ್ಣೀರು ಬಿಟ್ಟನು?

ನಾಲ್ಕನೇ ದಿನ:

ಎಲ್ಲರಿಗೂ ನಮಸ್ಕಾರ. ಈ ಚರ್ಚಾ ವೇದಿಕೆಯಲ್ಲಿ "ನಾಲ್ಕನೇ ದಿನ" ಎಂಬ ಹೆಸರಿನಲ್ಲಿ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಎಂಟು ತಿಂಗಳ ಹಿಂದೆ ನನ್ನ ತಮ್ಮ ತೀರಿಕೊಂಡ. 31 ವರ್ಷ. ಕಾಯಿಲೆ ಗೊತ್ತಾದ ಮೇಲೆ ಆರೇ ವಾರ ಇದ್ದ. ನಮ್ಮದು ಪ್ರಾರ್ಥನೆ ಬಿಡದ ಮನೆ. ಉಪವಾಸ ಇದ್ದೆವು, ರಾತ್ರಿಯೆಲ್ಲ ಮೊಣಕಾಲೂರಿದೆವು. ಆದರೂ ಹೋದ. ಮಣ್ಣು ಮಾಡಿ ಬಂದ ಮೂರನೇ ದಿನ ಸಭೆಯ ಹಿರಿಯರೊಬ್ಬರು ಮನೆಗೆ ಬಂದರು. ಅಮ್ಮ ಗೋಡೆಗೆ ಒರಗಿಕೊಂಡು ಅಳುತ್ತಿದ್ದಳು. "ನಿರೀಕ್ಷೆ ಇಲ್ಲದವರ ಹಾಗೆ ಅಳಬಾರದಮ್ಮ, ಅವನು ಕರ್ತನ ಹತ್ತಿರ ಇದ್ದಾನೆ, ನೀವು ಸಂತೋಷಪಡಬೇಕು" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ನನಗೆ ಗೊತ್ತು. ಆದರೆ ಅಮ್ಮ ಆಗಲೇ ಮುಖ ಒರೆಸಿಕೊಂಡು ಒಳಗೆ ಹೋದಳು. ಅವತ್ತಿನಿಂದ ಯಾರ ಮುಂದೆಯೂ ಅತ್ತಿಲ್ಲ. ನಾನೂ ಅತ್ತಿಲ್ಲ. ಅವಳು ಅಳಬಹುದು ಅನ್ನಿಸಿದರೆ ನಾನೇ ಮೊದಲು "ಅಳಬೇಡಮ್ಮ" ಎಂದುಬಿಡುತ್ತೇನೆ.

ಮೊನ್ನೆ ಬೈಬಲ್ಲಿನಲ್ಲಿ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಓದುತ್ತಿದ್ದೆ. ಯೇಸುವಿನ ಸ್ನೇಹಿತ ಲಾಜರ ಸತ್ತು ನಾಲ್ಕು ದಿನ ಆಗಿದೆ. ಯೇಸು ಬೇಥಾನ್ಯಕ್ಕೆ ಬರುತ್ತಾನೆ. "ಎಬ್ಬಿಸುವುದಕ್ಕೆ ಹೋಗುತ್ತೇನೆ" ಎಂದು ಶಿಷ್ಯರಿಗೆ ಮೊದಲೇ ಹೇಳಿದ್ದಾನೆ. ಇನ್ನು ಸ್ವಲ್ಪ ಹೊತ್ತಿಗೆ ಲಾಜರ ಎದ್ದು ಬರುತ್ತಾನೆ ಎಂದು ಆತನಿಗೆ ಗೊತ್ತು. ಆದರೂ 35ನೇ ವಚನ: "ಯೇಸು ಕಣ್ಣೀರು ಬಿಟ್ಟನು." ಮೂರೇ ಪದ.

ಯಾಕೆ? ಗೊತ್ತಿದ್ದ ಮೇಲೆ ಅಳುವುದು ಯಾಕೆ? ಸುಮ್ನೆ ತೋರಿಕೆಗೆ ಅತ್ತನೇ? ಅದನ್ನು ನಾನು ನಂಬಲಾರೆ. ದೇವರಿಗೆ ನಿಜವಾಗಿ ದುಃಖ ಆಗುತ್ತದೆಯೇ? ತಿಳಿದವರು ಹೇಳಿ.

ಹಳೇ ಓದುಗ:

ಮೊದಲು ನಿಮ್ಮ ತಮ್ಮನಿಗಾಗಿ, ನಿಮ್ಮ ಅಮ್ಮನಿಗಾಗಿ ನನ್ನ ಪ್ರಾರ್ಥನೆ.

ಆ ಹಿರಿಯರು ಹೇಳಿದ ಮಾತು ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4:13ರಿಂದ ಬಂದದ್ದು. ಅಲ್ಲಿ ಪೌಲ "ಅಳಬೇಡಿ" ಎಂದು ಬರೆದಿಲ್ಲ. ನಿರೀಕ್ಷೆ ಇಲ್ಲದವರು ದುಃಖಿಸುವ ಹಾಗೆ ದುಃಖಿಸಬೇಡಿ ಎಂದಿದ್ದಾನೆ. ಅಂದರೆ ದುಃಖ ಇರುತ್ತದೆ, ನಿರೀಕ್ಷೆಯೂ ಇರುತ್ತದೆ. ವಾಕ್ಯದ ಅರ್ಧ ಹಿಡಿದುಕೊಂಡು ಇನ್ನರ್ಧ ಬಿಟ್ಟರೆ ಎಷ್ಟು ಜನರ ಎದೆ ಹಿಂಡುತ್ತದೆ ನೋಡಿ.

ಈಗ ನಿಮ್ಮ ವಚನ. ವಚನಗಳಿಗೆ ನಂಬರ್ ಬಂದದ್ದು ಬಹಳ ತಡವಾಗಿ. ಪ್ಯಾರಿಸ್‌ನ ಮುದ್ರಕ ರಾಬರ್ಟ್ ಎಸ್ತಿಯೆನ್ ಎಂಬಾತ 1551ರಲ್ಲಿ ಅಚ್ಚು ಹಾಕಿದ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಈಗಿನ ವಚನ ಸಂಖ್ಯೆಗಳು ಬಂದವು. ಮೂರು ಪದಕ್ಕೇ ಒಂದು ನಂಬರ್ ಕೊಟ್ಟು ಬೇರೆ ನಿಲ್ಲಿಸಿದ್ದರಿಂದ ಓದುವವರು ಅಲ್ಲಿ ಒಂದು ಕ್ಷಣ ನಿಲ್ಲುತ್ತಾರೆ. ಒಳ್ಳೆಯದೇ ಆಯಿತು.

ಗ್ರೀಕ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ. 33ನೇ ವಚನದಲ್ಲಿ ಲಾಜರನ ಸಹೋದರಿ ಮರಿಯಳೂ ಜೊತೆಗೆ ಬಂದವರೂ ಅಳುತ್ತಿದ್ದರು ಎನ್ನುವಲ್ಲಿ ಇರುವುದು ಗೋಳಾಡಿ ಅಳುವುದಕ್ಕೆ ಬಳಸುವ ಪದ. ಯೇಸುವಿಗೆ ಮಾತ್ರ ಬೇರೆ ಪದ, ಕಣ್ಣಿಂದ ನೀರು ಹರಿಯಿತು ಎನ್ನುವ ಪದ. ಆ ಕ್ರಿಯಾಪದ ಇಡೀ ಹೊಸ ಒಡಂಬಡಿಕೆಯಲ್ಲಿ ಇದೊಂದೇ ಕಡೆ ಬರುತ್ತದೆ. ಅದೇ ಯೇಸು ಲೂಕ 19:41ರಲ್ಲಿ ಯೆರೂಸಲೇಮನ್ನು ನೋಡಿ ಅಳುವಾಗ ಗೋಳಾಡುವ ಪದವೇ ಇದೆ. ಸ್ನೇಹಿತನ ಗೋರಿಯ ದಾರಿಯಲ್ಲಿ ಸದ್ದಿಲ್ಲದ ಕಣ್ಣೀರು. ನಾಶವಾಗಲಿರುವ ಪಟ್ಟಣದ ಮುಂದೆ ಬಾಯಿಬಿಟ್ಟು ಅಳು. ಆ ಪಟ್ಟಣ ಕ್ರಿ.ಶ. 70ರಲ್ಲಿ ರೋಮನ್ ಸೈನ್ಯದ ಕೈಯಲ್ಲಿ ನಾಶವಾಯಿತು.

ಕಣ್ಣೀರಿಗೆ ಮೊದಲು ಇನ್ನೊಂದು ಮಾತು ಇದೆ. "ಆತ್ಮದಲ್ಲಿ ನೊಂದುಕೊಂಡು" ಎಂಬ ಅರ್ಥದಲ್ಲಿ ನಾವು ಓದುತ್ತೇವೆ. ಮೂಲದ ಪದದಲ್ಲಿ ಸಿಟ್ಟಿದೆ. ಹಳೆಯ ಗ್ರೀಕ್‌ನಲ್ಲಿ ಕುದುರೆ ಮೂಗಿನಿಂದ ಬುಸುಗುಟ್ಟುವುದಕ್ಕೆ ಆ ಪದ ಬಳಸುತ್ತಿದ್ದರು. ಯಾರ ಮೇಲೆ ಸಿಟ್ಟು? ಅಳುವವರ ಮೇಲೆ ಎಂದು ಕೆಲವರು ಹೇಳುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ, ಯಾಕೆಂದರೆ ಎರಡು ವಚನ ಬಿಟ್ಟು ಆತನೇ ಕಣ್ಣೀರು ಬಿಡುತ್ತಾನೆ. ಸಾವಿನ ಮೇಲೆ ಸಿಟ್ಟು. ಮರಿಯಳನ್ನು ಆ ಸ್ಥಿತಿಗೆ ತಂದ ಸಾವಿನ ಮೇಲೆ. ಎಬ್ಬಿಸುತ್ತೇನೆ ಎಂದು ಗೊತ್ತಿದ್ದರೂ ಆ ನಾಲ್ಕು ದಿನ ಅವರು ಪಟ್ಟ ಪಾಡು ಸುಳ್ಳಾಗುವುದಿಲ್ಲ ಅಲ್ವಾ?

ಸಣ್ಣ ದೀಪ:

ಸಹೋದರಿ, ನಿಮ್ಮ ನೋವಿಗೆ ನನ್ನ ಸಾಂತ್ವನ. ಆದರೂ ಒಂದು ಎಚ್ಚರಿಕೆಯ ಮಾತು ಹೇಳಬೇಕು.

ಯೇಸು ಮನುಷ್ಯನಾಗಿ ಅತ್ತನು, ಅದರಲ್ಲಿ ಅನುಮಾನವಿಲ್ಲ. ಆದರೆ "ದೇವರಿಗೆ ದುಃಖ ಆಗುತ್ತದೆ" ಎಂದು ನೇರವಾಗಿ ಹೇಳಿಬಿಟ್ಟರೆ ತೊಂದರೆ ಇದೆ. ಸಭೆಯ ಹಿರಿಯ ತಂದೆಗಳು, ಅಂದರೆ ಮೊದಲ ಶತಮಾನಗಳ ಗುರುಗಳು, ದೇವರು ನೋವಿಗೆ ಒಳಗಾಗದವನು ಎಂದೇ ಕಲಿಸಿದರು. ಇದನ್ನು ಕೇಳಿದ ಕೂಡಲೇ ಕಲ್ಲಿನಂಥ ದೇವರು ಕಣ್ಣ ಮುಂದೆ ಬರುತ್ತಾನೆ. ಅವರು ಹೇಳಿದ್ದು ಅದಲ್ಲ. ಅವರ ಸುತ್ತ ಇದ್ದದ್ದು ಗ್ರೀಕರ, ರೋಮನರ ದೇವತೆಗಳ ಕಥೆಗಳು. ಆ ದೇವತೆಗಳಿಗೆ ಹೊಟ್ಟೆಕಿಚ್ಚು, ಕಾಮ, ಹಟ ಎಲ್ಲ ಇತ್ತು. ಇವತ್ತು ಒಲಿದವರು ನಾಳೆ ಮುನಿಯುತ್ತಿದ್ದರು. ನಮ್ಮ ದೇವರು ಹಾಗಲ್ಲ, ಆತನನ್ನು ಯಾವುದೂ ಹೊರಗಿನಿಂದ ತಳ್ಳಾಡುವುದಿಲ್ಲ, ಆತನ ಪ್ರೀತಿಗೆ ಏರಿಳಿತ ಇಲ್ಲ. ಇದು ಅವರ ಮಾತಿನ ತಿರುಳು.

11ನೇ ಶತಮಾನದ ದೇವಶಾಸ್ತ್ರಜ್ಞ ಆನ್ಸೆಲ್ಮ್ ಇದೇ ಪ್ರಶ್ನೆ ದೇವರನ್ನೇ ಕೇಳಿದ್ದಾನೆ. ನೋವೇ ಇಲ್ಲದ ನೀನು ಕನಿಕರ ಉಳ್ಳವನು ಹೇಗೆ ಆಗುತ್ತೀ ಎಂದು. ಅವನಿಗೆ ಸಿಕ್ಕ ಉತ್ತರ: ನಿನ್ನ ಕನಿಕರದ ಫಲ ನಮಗೆ ತಟ್ಟುತ್ತದೆ, ಆದರೆ ನಮ್ಮ ಸಂಕಟ ನಿನ್ನನ್ನು ಅಲುಗಿಸುವುದಿಲ್ಲ. ನನಗೆ ಇದರಲ್ಲಿ ಸಮಾಧಾನ ಇದೆ. ನಾನು ಮುಳುಗುತ್ತಿರುವಾಗ ನನ್ನ ದೇವರೂ ಮುಳುಗುತ್ತಿದ್ದರೆ ನನ್ನನ್ನು ಹಿಡಿಯುವವರು ಯಾರು?

ನಾಲ್ಕನೇ ದಿನ:

ಹಳೇ ಓದುಗ ಸರ್, ಆ ಬುಸುಗುಟ್ಟುವ ಪದದ ವಿಷಯ ಓದಿ ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನಗೂ ಸಿಟ್ಟಿದೆ. ಇಷ್ಟು ದಿನ ಅದನ್ನು ಪಾಪ ಎಂದುಕೊಂಡಿದ್ದೆ.

ಸಣ್ಣ ದೀಪ ಅಣ್ಣ, ನಿಮ್ಮ ಮಾತು ತಲೆಗೆ ಅರ್ಥವಾಗುತ್ತದೆ. ಆದರೆ ನನ್ನ ಸಂಕಟ ಆತನನ್ನು ಅಲುಗಿಸುವುದೇ ಇಲ್ಲ ಎಂದರೆ ಆತನ ಹತ್ತಿರ ಏನೆಂದು ಮಾತಾಡಲಿ? ಆಸ್ಪತ್ರೆಯಲ್ಲಿ ಕೊನೆಯ ರಾತ್ರಿ ತಮ್ಮ ನನ್ನ ಬೆರಳು ಹಿಡಿದುಕೊಂಡು "ಅಕ್ಕ, ದೇವರು ನೋಡುತ್ತಾ ಇದ್ದಾನಾ?" ಎಂದು ಕೇಳಿದ. "ನೋಡುತ್ತಾ ಇದ್ದಾನೆ" ಎಂದೆ. ಬರೀ ನೋಡುತ್ತಿದ್ದನೇ?

ರಾತ್ರಿ ಪಾಳಿ:

ನಾನು ನರ್ಸ್. ದೇವಶಾಸ್ತ್ರ ಓದಿದವಳಲ್ಲ. ನಾನು ಕಂಡದ್ದು ಒಂದು ಹೇಳುತ್ತೇನೆ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ನೀವೇ ನೋಡಿ.

ಒಂದು ರಾತ್ರಿ ವಯಸ್ಸಾದ ಒಬ್ಬರು ಕೊನೆಯ ಉಸಿರಿನಲ್ಲಿದ್ದರು. ಮಗ ದಾರಿಯಲ್ಲಿದ್ದ, ಇನ್ನೂ ಮುಟ್ಟಿರಲಿಲ್ಲ. ಅವರು ಬಾಗಿಲ ಕಡೆಯೇ ನೋಡುತ್ತಿದ್ದರು. ನನ್ನ ಒಂದು ಕೈ ಅವರ ಕೈಯಲ್ಲಿ ಇತ್ತು. ಇನ್ನೊಂದು ಕೈಯಲ್ಲಿ ಡ್ರಿಪ್‌ನ ಚಕ್ರ ತಿರುಗಿಸಿ ಹನಿ ಎಣಿಸುತ್ತಿದ್ದೆ. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ಮಾಸ್ಕ್ ಒಳಗೆ ಹೋಗುತ್ತಿತ್ತು. ಆದರೆ ಎಣಿಕೆ ಒಂದೂ ತಪ್ಪಲಿಲ್ಲ. ಕೈ ನಡುಗಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಎರಡರಲ್ಲಿ ಒಂದೇ ಆಗುತ್ತಿತ್ತು. ಅಳು ಬಂದರೆ ಕೈ ನಡುಗುತ್ತಿತ್ತು, ಕೈ ಗಟ್ಟಿ ಮಾಡಿಕೊಂಡರೆ ಎದೆ ಕಲ್ಲಾಗುತ್ತಿತ್ತು. ಎರಡನ್ನೂ ಒಟ್ಟಿಗೆ ಹಿಡಿಯುವುದಕ್ಕೆ ವರ್ಷಗಳು ಬೇಕಾದವು.

ಮನುಷ್ಯಳಾದ ನನಗೇ ಅಷ್ಟು ಸಾಧ್ಯವಾದರೆ ದೇವರಿಗೆ ಆಗುವುದಿಲ್ಲವೇ? ಅತ್ತರೆ ಮುಳುಗಲೇಬೇಕು ಎಂದು ಯಾಕೆ ಅಂದುಕೊಳ್ಳಬೇಕು?

ಹಳೇ ಓದುಗ:

ಅಕ್ಕ, ನೀವು ಹೇಳಿದ್ದನ್ನೇ 5ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಹೇಳುವುದಕ್ಕೆ ಒದ್ದಾಡಿದ. "ನೋವಿಲ್ಲದವನಾಗಿಯೇ ನೋವುಂಡನು" ಎನ್ನುವುದು ಅವನ ಮಾತಿನ ಸಾರ. ತರ್ಕಕ್ಕೆ ಇದು ಹೊಂದುವುದಿಲ್ಲ, ಅವನಿಗೂ ಅದು ಗೊತ್ತಿತ್ತು. ಆದರೂ ಬಿಡಲಿಲ್ಲ. ಯಾಕೆಂದರೆ ಅತ್ತದ್ದು, ಹಸಿದದ್ದು, ಸತ್ತದ್ದು ಬರೀ ಒಬ್ಬ ಒಳ್ಳೆಯ ಮನುಷ್ಯ, ಪಕ್ಕದಲ್ಲಿ ದೇವರು ಬೇರೆಯಾಗಿ ನಿಂತಿದ್ದ ಎಂದರೆ ಕ್ರಿಸ್ತನೇ ಎರಡು ತುಂಡಾಗುತ್ತಾನೆ. 431ರ ಎಫೆಸದ ಮಹಾಸಭೆಯಲ್ಲಿ ಗೆದ್ದದ್ದು ಸಿರಿಲನ ಮಾತು. ಮುಂದೆ 553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಸಭೆ ಇನ್ನೂ ಬಿಡಿಸಿ ಹೇಳಿತು: ಶರೀರದಲ್ಲಿ ಶಿಲುಬೆಗೇರಿದವನು ತ್ರಿತ್ವದ ಮೂವರಲ್ಲಿ, ಅಂದರೆ ತಂದೆ, ಮಗ, ಪವಿತ್ರಾತ್ಮರಲ್ಲಿ, ಒಬ್ಬನು.

ಹಾಗಾಗಿ ಸಣ್ಣ ದೀಪ ಅವರೇ, "ಮನುಷ್ಯನಾಗಿ ಅತ್ತನು" ಎಂದು ಹೇಳಿ ಅಲ್ಲಿಗೇ ಬಿಡುವಂತಿಲ್ಲ. ಅತ್ತ ಕಣ್ಣು ಮನುಷ್ಯನ ಕಣ್ಣೇ. ಆದರೆ ಅತ್ತವನು ಯಾರು?

ಇನ್ನೊಂದು ಕಡೆಯ ತಪ್ಪೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ತಂದೆಯೇ ಶಿಲುಬೆಯ ಮೇಲೆ ಸತ್ತನು ಎಂದು 3ನೇ ಶತಮಾನದ ಹೊತ್ತಿಗೆ ಕೆಲವರು ಕಲಿಸಿದರು. ಸಭೆ ಅದನ್ನು ತಳ್ಳಿಹಾಕಿತು. ಹಾಗಾದರೆ ಮಗನು "ನನ್ನ ದೇವರೇ, ಯಾಕೆ ಕೈಬಿಟ್ಟೆ" ಎಂದು ಕೂಗಿದ್ದು ಯಾರನ್ನು? ಆ ಕೂಗು ನಿಜವಾಗಬೇಕಾದರೆ ಕೇಳುವವನೊಬ್ಬ ಬೇಕು.

ಬಿಳಿ ಹಾಳೆ:

ಹಳೆಯ ಒಡಂಬಡಿಕೆಗೆ ಯಾರೂ ಹೋಗಲಿಲ್ಲವಲ್ಲ. ಅಲ್ಲಿ ಯಾವ ಮನುಷ್ಯ ರೂಪವೂ ಇಲ್ಲ, ಆದರೂ ದೇವರು ನೊಂದುಕೊಳ್ಳುತ್ತಾನೆ. ಆದಿಕಾಂಡ 6:6 ನೋಡಿ. ಭೂಮಿಯ ಮೇಲೆ ಕೆಟ್ಟತನ ಹೆಚ್ಚಿದ್ದನ್ನು ಕಂಡು ಆತನು ಹೃದಯದಲ್ಲಿ ನೊಂದುಕೊಂಡನು ಎಂದಿದೆ. ಅಲ್ಲಿನ ಹೀಬ್ರೂ ಪದದ ಬೇರು ಮೂರು ಅಧ್ಯಾಯ ಹಿಂದೆಯೂ ಬರುತ್ತದೆ. ಹವ್ವಳ ಹೆರಿಗೆಯ ನೋವಿಗೆ, ಆದಾಮನು ನೆಲ ಉತ್ತು ಪಡುವ ಕಷ್ಟಕ್ಕೆ ಅದೇ ಬೇರಿನ ಪದ. ತೋಟದಿಂದ ಹೊರಗೆ ಬಿದ್ದ ಮನುಷ್ಯರಿಗೆ ಬಂದ ನೋವು ದೇವರ ಎದೆಗೂ ಬಂತು. ಈ ಒಂದು ಪದ ನನ್ನನ್ನು ಎಷ್ಟೋ ದಿನ ಬಿಟ್ಟಿರಲಿಲ್ಲ.

ಆಮೇಲೆ ಹೋಶೇಯ 11. ಮಗುವಿಗೆ ನಡೆಯಲು ಕಲಿಸಿದ ತಂದೆಯ ಹಾಗೆ ದೇವರು ಮಾತಾಡುತ್ತಾನೆ. ತೋಳಿನಲ್ಲಿ ಎತ್ತಿಕೊಂಡೆ, ಬಗ್ಗಿ ತಿನ್ನಿಸಿದೆ, ಅವರಿಗೆ ಅದು ತಿಳಿಯಲೇ ಇಲ್ಲ ಎನ್ನುತ್ತಾನೆ. ಶಿಕ್ಷೆ ಕೊಡಬೇಕು, ಕೈಯೇ ಬರುವುದಿಲ್ಲ. ನಿನ್ನನ್ನು ಹೇಗೆ ಬಿಟ್ಟುಕೊಡಲಿ ಎಂದು ತನ್ನೊಳಗೇ ತಳಮಳಿಸುತ್ತಾನೆ. ಇದರ ಬೆನ್ನಿಗೇ "ನಾನು ದೇವರು, ಮನುಷ್ಯನಲ್ಲ" ಎಂಬ ಮಾತು ಬರುತ್ತದೆ. ಗಮನಿಸಿ! ನಾವಾದರೆ "ದೇವರು, ಮನುಷ್ಯನಲ್ಲ, ಅದಕ್ಕೇ ನೋವಾಗುವುದಿಲ್ಲ" ಎಂದು ಬರೆಯುತ್ತಿದ್ದೆವು. ಹೋಶೇಯ ತಿರುಗಿಸಿ ಹೇಳುತ್ತಾನೆ. ದೇವರಾದ್ದರಿಂದಲೇ ಕೈಬಿಡಲಾರ. ಮನುಷ್ಯನಾಗಿದ್ದರೆ ಇಷ್ಟು ಹೊತ್ತಿಗೆ ಬೇಸತ್ತು ಬಿಟ್ಟುಹೋಗುತ್ತಿದ್ದ.

ಕಿರುಬೆರಳು:

ಕನ್ನಡದಲ್ಲಿ ಓದುವ ನಮಗೆ ಒಂದು ಭಾಗ್ಯ ಇದೆ, ಅದನ್ನು ಹೇಳದೆ ಇರಲಾರೆ.

ಯೇಸು ಜನರನ್ನು ನೋಡಿ "ಕನಿಕರಪಟ್ಟನು" ಎಂದು ಸುವಾರ್ತೆಗಳಲ್ಲಿ ಓದುತ್ತೇವಲ್ಲ, ಮೂಲ ಗ್ರೀಕ್‌ನಲ್ಲಿ ಆ ಕ್ರಿಯಾಪದ ಹುಟ್ಟಿದ್ದು ಕರುಳು ಎಂಬ ಪದದಿಂದ. ಹೊಟ್ಟೆಯೊಳಗಿನ ಕರುಳು, ನಿಜವಾದ ಕರುಳು. ಇಂಗ್ಲಿಷಿನವರು ಇದನ್ನು ವಿವರಿಸುವುದಕ್ಕೆ ಪುಟ ತುಂಬಿಸಬೇಕು. ನಮಗೆ ಬೇಡ. "ಕರುಳು ಚುರುಕ್ ಎಂದಿತು" ಎಂದರೆ ಓದು ಬಾರದ ಅಜ್ಜಿಗೂ ಗೊತ್ತು. ಕರುಳು ಕಿತ್ತು ಬರುವುದು, ಕರುಳ ಕುಡಿ, ಹೆತ್ತ ಕರುಳು, ಎಲ್ಲ ನಮ್ಮ ಬಾಯಲ್ಲೇ ಇರುವ ಮಾತು.

ಆ ಪದ ಹೊಸ ಒಡಂಬಡಿಕೆಯಲ್ಲಿ 12 ಸಲ ಬರುತ್ತದೆ. ಎಲ್ಲವೂ ಮತ್ತಾಯ, ಮಾರ್ಕ, ಲೂಕ ಈ ಮೂವರಲ್ಲೇ. ಅದನ್ನು ಯೇಸುವಿಗೆ ಬಳಸಿದ್ದಾರೆ, ಇಲ್ಲವೇ ಆತನು ಹೇಳಿದ ಕಥೆಯೊಳಗಿನ ಮೂವರಿಗೆ: ಸಾಲ ಬಿಟ್ಟುಕೊಟ್ಟ ಒಡೆಯ, ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನು, ದೂರದಲ್ಲೇ ಮಗನನ್ನು ಕಂಡು ಓಡಿದ ತಂದೆ. ಈಗ ಇನ್ನೊಂದು ನೋಡಿ. ಕರುಳು ಚುರುಕ್ ಎಂದ ಮೇಲೆ ಇವರಲ್ಲಿ ಯಾರೂ ಸುಮ್ಮನೆ ನಿಂತಿಲ್ಲ. ಒಬ್ಬ ಸಾಲ ಬಿಡುತ್ತಾನೆ, ಒಬ್ಬ ಗಾಯ ಕಟ್ಟುತ್ತಾನೆ, ಒಬ್ಬ ಓಡುತ್ತಾನೆ. ನಾಯಿನ್ ಊರಿನ ವಿಧವೆಯ ಮಗನ ಹೆಣ ಹೊತ್ತು ಬರುತ್ತಿದ್ದಾಗ ಯೇಸು ಮುಂದೆ ಹೋಗಿ ಚಟ್ಟ ಮುಟ್ಟುತ್ತಾನೆ.

ಹೀಬ್ರೂವಿನಲ್ಲೂ ಇದಕ್ಕೆ ಜೋಡಿ ಇದೆ. ಕರುಣೆಗೆ ಅವರು ಹೇಳುವ ಪದವೂ ಗರ್ಭಕ್ಕೆ ಹೇಳುವ ಪದವೂ ಒಂದೇ ಬೇರಿನವು. ಹೆತ್ತವಳು ಮರೆತರೂ ನಾನು ಮರೆಯೆನು ಎಂದು ಯೆಶಾಯ 49:15ರಲ್ಲಿ ದೇವರು ಹೇಳುವಾಗ ಆ ಬೇರಿನ ಪದವೇ ಅಲ್ಲಿದೆ.

ನಾಲ್ಕನೇ ದಿನ ಅಕ್ಕ, ನಿಮ್ಮ ತಮ್ಮ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಬೈಬಲ್ಲಿನ ದೇವರು ನೋಡಿದ ಕಡೆಯೆಲ್ಲ ಆ ನೋಟ ಕರುಳಿನ ತನಕ ಇಳಿದಿದೆ.

ಪ್ರಶ್ನೆ ಇದೆ:

ನಾನು ಕ್ರೈಸ್ತನಲ್ಲ, ಯಾವ ದೇವರನ್ನೂ ನಂಬುವವನಲ್ಲ. ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ನೋವು ಮಾಡುವ ಉದ್ದೇಶ ಇಲ್ಲ, ಆದರೆ ಕೇಳದೆ ಇರಲಾಗುತ್ತಿಲ್ಲ.

ನೀವು ಹೇಳುವ ದೇವರಿಗೆ ಎಲ್ಲ ಸಾಧ್ಯ. ಹಾಗಿದ್ದ ಮೇಲೆ ಅಳುವುದು ಯಾಕೆ, ತಡೆಯಬಹುದಲ್ಲ? ನನ್ನ ಕೈಯಲ್ಲಿ ಔಷಧಿ ಇದ್ದೂ ಕೊಡದೆ ಹಾಸಿಗೆ ಪಕ್ಕ ಕೂತು ಅತ್ತರೆ ನೀವು ನನ್ನನ್ನು ಏನೆನ್ನುತ್ತೀರಿ? ನಾಯಿನ್ ಊರಿನ ಹುಡುಗ ಎದ್ದ, ಲಾಜರ ಎದ್ದ. ಈ ಅಕ್ಕನ ತಮ್ಮ ಏಳಲಿಲ್ಲ.

ಹಳೇ ಓದುಗ:

ನಿಮ್ಮ ಪ್ರಶ್ನೆ ಆ ಅಧ್ಯಾಯದ ಒಳಗೇ ಇದೆ. 37ನೇ ವಚನ. ಯೇಸು ಅತ್ತ ಕೂಡಲೇ ಅಲ್ಲಿದ್ದ ಕೆಲವರು ಹೇಳುತ್ತಾರೆ: ಕುರುಡನಿಗೆ ಕಣ್ಣು ಕೊಟ್ಟವನಿಗೆ ಇವನು ಸಾಯದ ಹಾಗೆ ಮಾಡಲು ಆಗುತ್ತಿರಲಿಲ್ಲವೇ? ಅದಕ್ಕೂ ಮೊದಲು ಮಾರ್ಥ, ಆಮೇಲೆ ಮರಿಯ, ಇಬ್ಬರೂ ಒಂದೇ ಮಾತು ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಆತನು ಸುದ್ದಿ ಕೇಳಿದ ಮೇಲೂ ಎರಡು ದಿನ ಇದ್ದಲ್ಲೇ ಉಳಿದಿದ್ದನು, ಅದನ್ನೂ ಯೋಹಾನ ಮುಚ್ಚಿಟ್ಟಿಲ್ಲ.

ಯೇಸು ಮಾರ್ಥಳಿಗೆ ಮಾತಿನಲ್ಲಿ ಉತ್ತರ ಕೊಟ್ಟನು, "ನಾನೇ ಪುನರುತ್ಥಾನವೂ ಜೀವವೂ" ಎಂದು. ಮರಿಯಳೂ ಅದೇ ಮಾತು ಹೇಳಿದಳು. ಅವಳಿಗೆ ವಿವರಣೆ ಸಿಗಲಿಲ್ಲ. ಎಲ್ಲಿ ಇಟ್ಟಿದ್ದೀರಿ ಎಂದು ಕೇಳಿದನು, ಬಂದು ನೋಡು ಎಂದರು, ಕಣ್ಣೀರು ಬಿಟ್ಟನು. ಮರಿಯಳಿಗೆ ಸಿಕ್ಕ ಉತ್ತರ ಆ ಕಣ್ಣೀರೇ.

ನಿಮ್ಮ ಔಷಧಿಯ ಉದಾಹರಣೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಇದ್ದ ಹಾಗೆ ನಟಿಸುವುದಿಲ್ಲ. ಒಂದು ಮಾತ್ರ ಹೇಳಬಲ್ಲೆ. ಆ ಅಧ್ಯಾಯದ ಕೊನೆಯಲ್ಲಿ ಏನಾಯಿತು ನೋಡಿ. ಲಾಜರನನ್ನು ಎಬ್ಬಿಸಿದ ಸುದ್ದಿ ಯೆರೂಸಲೇಮಿಗೆ ಮುಟ್ಟಿತು, ಅವತ್ತಿನಿಂದಲೇ ಯೇಸುವನ್ನು ಕೊಲ್ಲುವ ಆಲೋಚನೆ ಶುರುವಾಯಿತು. ಲಾಜರ ಗೋರಿಯಿಂದ ಹೊರಗೆ ಬಂದದ್ದಕ್ಕೆ ಆತನು ತನ್ನ ಪ್ರಾಣ ತೆತ್ತನು. ಕೈಯಲ್ಲಿ ಔಷಧಿ ಇಟ್ಟುಕೊಂಡು ಅತ್ತವನ ಕಥೆ ಹೀಗೆ ಮುಗಿಯುವುದಿಲ್ಲ.

ಬಾಗಿಲ ಚಿಲಕ:

ಇಷ್ಟು ದಿನ ಬರೀ ಓದುತ್ತಿದ್ದೆ. ಇವತ್ತು ಬರೆಯುತ್ತೇನೆ.

ದೇವರ ದುಃಖದ ಬಗ್ಗೆ ಎಲ್ಲರೂ ಬಹಳ ಚೆನ್ನಾಗಿ ಬರೆದಿದ್ದೀರಿ. ಆದರೆ ಇದೇ ಮಾತನ್ನು ನನ್ನ ಮೇಲೆ ಹೇಗೆ ಬಳಸಿದರು ಎಂದು ಹೇಳಬೇಕು. ಮದುವೆಯಾಗಿ ಒಂಬತ್ತು ವರ್ಷ ನಾನು ಹೊಡೆತ ತಿಂದೆ. ಸಲಹೆ ಕೇಳಲು ಹೋದಾಗ "ಕ್ರಿಸ್ತನೂ ಸುಮ್ಮನೆ ಸಹಿಸಿಕೊಂಡನು, ನಿನ್ನ ಕಣ್ಣೀರು ಆತನ ಕಣ್ಣೀರಿನ ಜೊತೆ ಸೇರುತ್ತದೆ, ಮನೆಗೆ ಹೋಗು" ಎಂದರು. ಹೋದೆ. ಇನ್ನೂ ಎರಡು ವರ್ಷ ಹಾಗೇ ಇದ್ದೆ. ಆಗೆಲ್ಲ ಶಿಲುಬೆಯನ್ನು ನೋಡಿದರೆ ನನಗೆ ಸಮಾಧಾನ ಬರುತ್ತಿರಲಿಲ್ಲ, ಹೆದರಿಕೆ ಬರುತ್ತಿತ್ತು.

ದಯವಿಟ್ಟು ನೋವನ್ನು ಪವಿತ್ರ ಮಾಡಬೇಡಿ. ದೇವರು ನನ್ನ ಜೊತೆ ಅತ್ತಿದ್ದರೆ ನಾನು ಹೊಡೆತ ತಿನ್ನಲಿ ಎಂದು ಅತ್ತದ್ದಲ್ಲ.

ಕಿರುಬೆರಳು:

ಅಕ್ಕ, ನೀವು ಬರೆದದ್ದಕ್ಕೆ ಕೈ ಮುಗಿಯುತ್ತೇನೆ. ನಿಮಗೆ ಹಾಗೆ ಹೇಳಿದವರು ತಪ್ಪು ಮಾಡಿದರು, ದೊಡ್ಡ ತಪ್ಪು. ಇದಕ್ಕೆ "ಆದರೆ" ಸೇರಿಸುವುದಿಲ್ಲ.

ಮಾರ್ಕ 1:41ರಲ್ಲಿ ಕುಷ್ಠರೋಗಿ ಮೊಣಕಾಲೂರಿದಾಗ ಯೇಸು ಕನಿಕರಪಟ್ಟನು ಎಂದು ಹೆಚ್ಚಿನ ಹಳೆಯ ಪ್ರತಿಗಳಲ್ಲಿ ಇದೆ. ಆದರೆ ಬೇಜಾ ಎಂದು ಕರೆಯುವ ಹಳೆಯ ಗ್ರೀಕ್ ಹಸ್ತಪ್ರತಿಯಲ್ಲಿ ಅದೇ ಜಾಗದಲ್ಲಿ "ಸಿಟ್ಟುಗೊಂಡು" ಎಂದಿದೆ. ಸಿಟ್ಟುಗೊಂಡು ಕೈಚಾಚಿ ಅವನನ್ನು ಮುಟ್ಟಿದನು. ಯಾವುದು ಮೂಲ ಪಾಠ ಎಂದು ಪಂಡಿತರು ಇನ್ನೂ ವಾದ ಮಾಡುತ್ತಾರೆ. ನನಗೆ ಆ ಎರಡು ಪದಗಳ ನಡುವೆ ದೂರ ಕಾಣುವುದಿಲ್ಲ. ಮನುಷ್ಯನನ್ನು ಊರಾಚೆ ತಳ್ಳಿದ್ದನ್ನು ಕಂಡು ಕರುಳು ಹಿಂಡಿದವನಿಗೆ ಸಿಟ್ಟು ಬರದಿದ್ದರೆ ಆ ಕರುಳು ಎಂಥದ್ದು? ನಿಮ್ಮ ಮನೆಯ ಬಾಗಿಲಲ್ಲಿ ಆತನು ಹಾಗೇ ಬುಸುಗುಟ್ಟುತ್ತಿದ್ದನು ಎಂದು ನಾನು ನಂಬುತ್ತೇನೆ.

ಬಿಳಿ ಹಾಳೆ:

ಪವಿತ್ರಾತ್ಮನನ್ನು ದುಃಖಪಡಿಸಬೇಡಿ ಎಂದು ಎಫೆಸ 4:30ರಲ್ಲಿ ಇದೆ. ನಾವು ಅದನ್ನು ಏನೇನೋ ಪಾಪಗಳಿಗೆ ಅಂಟಿಸುತ್ತೇವೆ. ಹಿಂದೆ ಮುಂದೆ ಓದಿ. ಅದರ ಹಿಂದಿನ ವಚನ ಬಾಯಿಂದ ಬರುವ ಕೆಟ್ಟ ಮಾತಿನ ಬಗ್ಗೆ. ಮುಂದಿನ ವಚನ ದ್ವೇಷ, ಕೋಪ, ಬೈಗುಳದ ಬಗ್ಗೆ. ನಾವು ಒಬ್ಬರಿಗೊಬ್ಬರು ಮಾಡುವ ಗಾಯವೇ ಆತ್ಮನಿಗೆ ಆಗುವ ಗಾಯ. ಬಾಗಿಲ ಚಿಲಕ ಅಕ್ಕನಿಗೆ "ಮನೆಗೆ ಹೋಗು" ಎಂದ ಆ ಮಾತು ಇದೆಯಲ್ಲ, ಆತ್ಮನನ್ನು ದುಃಖಪಡಿಸಿದ್ದು ಅದು.

ಸಣ್ಣ ದೀಪ:

ಎರಡು ದಿನ ಏನೂ ಬರೆಯಲಿಲ್ಲ. ಯೋಚನೆ ಮಾಡುತ್ತಿದ್ದೆ.

ನನಗೆ ಭಯ ಇದ್ದದ್ದು ಒಂದೇ. 20ನೇ ಶತಮಾನದಲ್ಲಿ ಬಹಳ ಜನ "ನೋವುಣ್ಣುವ ದೇವರು" ಎಂದು ಬರೆದರು. ಅವರು ಎಲ್ಲಿಂದ ಬರೆದರು ಎಂದು ಮತ್ತೆ ನೋಡಿದೆ. ಹಿಟ್ಲರನನ್ನು ಎದುರಿಸಿದ ಜರ್ಮನ್ ಪಾದ್ರಿ ಬಾನ್‌ಹಾಫರ್ 1944ರ ಜುಲೈನಲ್ಲಿ ಬರ್ಲಿನ್‌ನ ಜೈಲಿನಿಂದ ಸ್ನೇಹಿತನಿಗೆ ಬರೆದ ಪತ್ರದಲ್ಲಿ, ನೋವುಣ್ಣುವ ದೇವರು ಮಾತ್ರ ಸಹಾಯ ಮಾಡಬಲ್ಲನು ಎಂಬ ಅರ್ಥದ ಮಾತು ಬರೆದ. ಮುಂದಿನ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ಕಿತಾಮೋರಿ ಎಂಬ ಜಪಾನಿ ಲುಥೆರನ್ ದೇವರ ನೋವಿನ ಬಗ್ಗೆ ಪುಸ್ತಕ ತಂದದ್ದು 1946ರಲ್ಲಿ, ದೇಶ ಸುಟ್ಟು ಬೂದಿಯಾಗಿದ್ದಾಗ. ಅವನು ಹಿಡಿದುಕೊಂಡದ್ದು ಯೆರೆಮೀಯ 31:20, ಎಫ್ರಾಯೀಮನಿಗಾಗಿ, ಅಂದರೆ ಇಸ್ರಾಯೇಲ್ ಜನರಿಗಾಗಿ, ದೇವರ ಕರುಳು ಮರುಗುವ ವಚನ. ಜರ್ಮನ್ ದೇವಶಾಸ್ತ್ರಜ್ಞ ಮೋಲ್ಟ್‌ಮನ್ 1943ರಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬ್ ಬಿದ್ದಾಗ 17ರ ಹುಡುಗ. ಪಕ್ಕದಲ್ಲಿದ್ದ ಗೆಳೆಯ ಸತ್ತ, ಇವನು ಉಳಿದ. ಆಮೇಲೆ ಯುದ್ಧಕೈದಿಯಾಗಿ ಸೆರೆಶಿಬಿರದಲ್ಲಿದ್ದಾಗ ಮಾರ್ಕನಲ್ಲಿ "ಯಾಕೆ ಕೈಬಿಟ್ಟೆ" ಎಂಬ ಕೂಗು ಓದಿ, ನನ್ನನ್ನು ಅರಿತವನು ಇವನು ಎಂದುಕೊಂಡ. ಇವರಲ್ಲಿ ಯಾರೂ ನೆಮ್ಮದಿಯ ಕುರ್ಚಿಯಲ್ಲಿ ಕೂತು ಬರೆದವರಲ್ಲ.

ದೇವರ ಪ್ರೀತಿಗೆ ಏರಿಳಿತ ಇಲ್ಲ ಎಂಬುದನ್ನು ನಾನು ಈಗಲೂ ಬಿಡುವುದಿಲ್ಲ. ಬಿಡಬಾರದು. ಆದರೆ ಏರಿಳಿತ ಇಲ್ಲದ ಪ್ರೀತಿ ಎಂದರೆ ತಣ್ಣಗಿನ ಪ್ರೀತಿ ಎಂದು ನನ್ನೊಳಗೆ ಎಲ್ಲೋ ಸೇರಿಕೊಂಡಿತ್ತು. ರಾತ್ರಿ ಪಾಳಿ ಅಕ್ಕನ ಕೈ, ಹನಿ ಎಣಿಸುವ ಆ ಕೈ, ಕಣ್ಣ ಮುಂದಿಂದ ಹೋಗುತ್ತಿಲ್ಲ. ಕೈ ಗಟ್ಟಿ ಇತ್ತು ಎಂದು ಆಕೆ ಅಳಲಿಲ್ಲ ಎನ್ನಲಾಗುತ್ತದೆಯೇ? ಆನ್ಸೆಲ್ಮ್ ಗಟ್ಟಿ ಕೈಯನ್ನು ಕಂಡ. ಮಾಸ್ಕ್ ಒಳಗಿನ ನೀರು ಅವನಿಗೆ ಕಾಣಲಿಲ್ಲ ಎಂದು ಈಗ ಅನ್ನಿಸುತ್ತಿದೆ.

ನಾಲ್ಕನೇ ದಿನ ಸಹೋದರಿ, ಮೊದಲ ಸಲ ನಿಮಗೆ ಬರೆದಾಗ ನಾನು ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟೆ, ನಿಮಗೆ ಕೊಡಲಿಲ್ಲ. ಕ್ಷಮಿಸಿ.

ರಾತ್ರಿ ಪಾಳಿ:

ನನ್ನ ಕೈಯ ಬಗ್ಗೆ ಇಷ್ಟು ಮಾತು ಬೇಡ ಅಣ್ಣ. ಆದರೆ ಒಂದು ನೆನಪಾಯಿತು. ಎದ್ದು ಬಂದ ಮೇಲೂ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತು, ತೋಮನಿಗೆ ತೋರಿಸಿದನು. ಸಾವನ್ನೇ ಗೆದ್ದವನಿಗೆ ಎರಡು ಗಾಯ ಮಾಯಿಸುವುದು ಕಷ್ಟವೇ? ಉಳಿಸಿಕೊಂಡನು. ನಮ್ಮ ವಾರ್ಡಿನಲ್ಲಿ ಆಪರೇಶನ್ ಆದ ಗುರುತು ಇರುವವರು ಹೊಸ ರೋಗಿಗಳ ಹತ್ತಿರ ಹೋಗಿ ಅಂಗಿ ಎತ್ತಿ ತೋರಿಸುತ್ತಾರೆ. "ನೋಡು, ನನಗೂ ಆಗಿದೆ" ಎನ್ನುತ್ತಾರೆ. ಡಾಕ್ಟರು ಎಷ್ಟು ಹೇಳಿದರೂ ಹೋಗದ ಹೆದರಿಕೆ ಆಗ ಸ್ವಲ್ಪ ಇಳಿಯುತ್ತದೆ.

ಪ್ರಶ್ನೆ ಇದೆ:

ನನ್ನ ಪ್ರಶ್ನೆ ಹಾಗೇ ಇದೆ. ಅದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಯಾರೂ ನನ್ನನ್ನು ಗದರಿಸಲಿಲ್ಲ, ಉತ್ತರ ಇಲ್ಲದಲ್ಲಿ ಇಲ್ಲ ಎಂದೇ ಹೇಳಿದಿರಿ. ಅದಕ್ಕೆ ಧನ್ಯವಾದ. ಮರಿಯಳಿಗೆ ವಿವರಣೆ ಸಿಗಲಿಲ್ಲ ಎಂಬ ಮಾತು ನನ್ನ ಜೊತೆ ಇರುತ್ತದೆ. ಅಕ್ಕ, ನಿಮ್ಮ ಅಮ್ಮ ಹೇಗಿದ್ದಾರೆ?

ನಾಲ್ಕನೇ ದಿನ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯಬೇಕು, ಇವತ್ತು ಆಗುವುದಿಲ್ಲ.

ನಿನ್ನೆ ರಾತ್ರಿ ಅಮ್ಮ ಬೀರು ತೆಗೆದು ಏನೋ ಹುಡುಕುತ್ತಿದ್ದಳು. ತಮ್ಮನ ನೀಲಿ ಶರ್ಟ್ ಕೈಗೆ ಬಂತು. ಅದರ ಮೇಲಿನ ಗುಂಡಿ ಕಿತ್ತುಹೋಗಿತ್ತು, ಹೊಲಿದುಕೊಡು ಎಂದು ಅವನು ಆಸ್ಪತ್ರೆಗೆ ಸೇರುವ ಮುಂಚೆ ಕೊಟ್ಟಿದ್ದ. ಅಮ್ಮ ಅದನ್ನು ಹಿಡಿದು ಹಾಗೇ ನಿಂತಳು. "ಅಳಬೇಡಮ್ಮ" ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಹತ್ತಿರ ಹೋಗಿ ಕೂತೆ. ಮೊದಲು ಅತ್ತವಳು ನಾನು. ಆಮೇಲೆ ಅವಳೂ ಅತ್ತಳು, ಎಂಟು ತಿಂಗಳದ್ದು. ಎಷ್ಟು ಹೊತ್ತು ಎಂದು ಗೊತ್ತಿಲ್ಲ.

ಅತ್ತು ಮುಗಿದ ಮೇಲೆ ಇಲ್ಲಿ ನೀವೆಲ್ಲ ಬರೆದದ್ದನ್ನು ಹೇಳಿದೆ. ಕೀರ್ತನೆ 56ರಲ್ಲಿ ದಾವೀದನು ನನ್ನ ಕಣ್ಣೀರು ನಿನ್ನ ಬುದ್ದಲಿಯಲ್ಲಿ (ತೊಗಲಿನ ಚೀಲದಲ್ಲಿ) ಇದೆ ಎನ್ನುತ್ತಾನಲ್ಲ, ಅಮ್ಮನಿಗೆ ಅದು ಬಾಯಿಪಾಠ. "ಹಾಗಾದರೆ ಅವತ್ತು ಒಳಗೆ ಹೋಗಿ ಅತ್ತದ್ದೂ ಅದರಲ್ಲೇ ಇದೆ ಅಲ್ವಾ" ಎಂದಳು. ನನಗೆ ಗೊತ್ತೇ ಇರಲಿಲ್ಲ, ಅವಳು ಒಳಗೆ ಹೋಗಿ ಅಳುತ್ತಿದ್ದಳು ಎಂದು.

ಆಮೇಲೆ ಯೋಹಾನ ಓದು ಎಂದಳು. 11ನೇ ಅಧ್ಯಾಯ ಮೊದಲಿನಿಂದ ಓದಿದೆ. ಮಾರ್ಥ ಬಂದದ್ದು, ಮರಿಯ ಕಾಲಿಗೆ ಬಿದ್ದದ್ದು, ಎಲ್ಲಿ ಇಟ್ಟಿದ್ದೀರಿ ಎಂದು ಆತನು ಕೇಳಿದ್ದು. 35ನೇ ವಚನ ಓದಿದ ಕೂಡಲೇ ಅಮ್ಮ ಪುಸ್ತಕದ ಮೇಲೆ ಕೈ ಇಟ್ಟಳು.

"ಇವತ್ತು ಇಲ್ಲಿಗೆ ಸಾಕು. ಲಾಜರ ಏಳುವುದನ್ನು ಇನ್ನೊಂದು ದಿನ ಓದೋಣ" ಎಂದಳು.

ರಿಬ್ಬನ್ ಅಲ್ಲೇ ಇಟ್ಟು ಮುಚ್ಚಿದೆ.